ಬಳ್ಳಾರಿಯ ಸಿಡಿ ಅಂಗಡಿ: ಒಂದೊಂದು ಡಿಸ್ಕನ್ನೂ ಓದಿಸಿ ನೋಡಿಯೇ ಕೊಡುತ್ತಾರೆ

ಬಳ್ಳಾರಿಯಲ್ಲಿ ಸಿಡಿ, ಡಿವಿಡಿ ಬರೆದುಕೊಡುವವರು ಇನ್ನೂ ಇದ್ದಾರಾ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದ್ದಾರೆ. ಬೆಂಗಳೂರು ರೋಡಿನಿಂದ ಒಳಗೆ ಹೋಗುವ ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿ. ಬೋರ್ಡಿನಲ್ಲಿ ಅಂಗಡಿ ಹೆಸರೇ ಇಲ್ಲ, 'ಸಿಡಿ ರೈಟಿಂಗ್, ಝೆರಾಕ್ಸ್, ಲ್ಯಾಮಿನೇಷನ್' ಅಂತ ಇದೆ ಅಷ್ಟೇ. ಸಿಡಿ ಅಂಗಡಿ ಎಲ್ಲಿ ಅಂದರೆ ಓಣಿಯಲ್ಲಿ ಯಾರಾದರೂ ತೋರಿಸುತ್ತಾರೆ.

ನಾನು ರೈಸ್‌ಮಿಲ್‌ಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡಿ ಮಾರುತ್ತೇನೆ. ನಾನು, ನನ್ನ ಹೆಂಡತಿ, ಇಬ್ಬರೇ. ಗಿರಾಕಿಗಳೆಲ್ಲ ಸಿರುಗುಪ್ಪ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು, ಅಂದರೆ ತುಂಗಭದ್ರಾ ಕಾಲುವೆ ನೀರು ಕುಡಿದ ಭತ್ತದ ಊರುಗಳವರು. ಈಗಲೂ ಡಿಸ್ಕ್ ಯಾಕೆ ಕಳಿಸುತ್ತೀರಿ, ಲಿಂಕ್ ಕೊಟ್ಟರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಕೊಡುತ್ತೇನೆ, ಬೇಕಾದವರಿಗೆ. ಆದರೆ ಎಷ್ಟೋ ಮಿಲ್‌ಗಳಲ್ಲಿ ಲೆಕ್ಕದ ಕಂಪ್ಯೂಟರಿಗೆ ಬೇಕಂತಲೇ ಇಂಟರ್ನೆಟ್ ಕೊಟ್ಟಿರುವುದಿಲ್ಲ. ಪೆನ್‌ಡ್ರೈವ್ ಕೊಟ್ಟರೆ ಅದು ಹತ್ತು ಕಂಪ್ಯೂಟರ್ ತಿರುಗಿ ವೈರಸ್ ಹೊತ್ತುಕೊಂಡು ಬರುತ್ತದೆ. ಒಂದು ಸಲ ಬರೆದು ಮುಗಿಸಿದ ಡಿವಿಡಿ-ಆರ್ ಮೇಲೆ ಇನ್ಯಾರೂ ಏನೂ ಬರೆಯಲು ಆಗುವುದಿಲ್ಲ, ವೈರಸ್ ಕೂಡ. ಸಾಹುಕಾರರು ಅದನ್ನು ಬಿಲ್ ಜೊತೆ ತಿಜೋರಿಯಲ್ಲಿ ಇಡುತ್ತಾರೆ. ಎರಡು ವರ್ಷ ಬಿಟ್ಟು ಕಂಪ್ಯೂಟರ್ ಕೆಟ್ಟು ಫಾರ್ಮ್ಯಾಟ್ ಮಾಡಿದರೆ ಗುಮಾಸ್ತರೇ ಡಿಸ್ಕ್ ತೆಗೆದು ಹಾಕಿಕೊಳ್ಳುತ್ತಾರೆ, ನನಗೆ ಫೋನ್ ಕೂಡ ಬರುವುದಿಲ್ಲ.

ಈ ಅಂಗಡಿಗೆ ಬರುವ ಮುಂಚೆ ನಾನು ಬೇರೆ ಕಡೆ ಮಾಡಿಸುತ್ತಿದ್ದೆ. ರೇಟ್ ಕಡಿಮೆ ಇತ್ತು, ಅದಕ್ಕೇ ಹೋಗಿದ್ದೆ. ಒಂದು ಸಲ 60 ಡಿಸ್ಕ್ ಮಾಡಿಸಿ ಕಳಿಸಿದ್ದರಲ್ಲಿ 11 ವಾಪಸ್ ಬಂದವು. ಕೆಲವು ಅರ್ಧ ಇನ್‌ಸ್ಟಾಲ್ ಆಗಿ ನಿಲ್ಲುತ್ತಿದ್ದವು, ಕೆಲವು ಡ್ರೈವ್‌ಗೆ ಹಾಕಿದರೆ ಸುಮ್ನೆ ಗರಗರ ತಿರುಗುತ್ತಿದ್ದವು. ಕಾರಣ ಆಮೇಲೆ ಗೊತ್ತಾಯಿತು. ಜಾಸ್ತಿ ಸ್ಪೀಡಿನಲ್ಲಿ ಬರೆದು, ತಿರುಗಿ ಓದಿ ನೋಡದೆ, ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದರು. ಅದು ಏಪ್ರಿಲ್ ತಿಂಗಳು. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟಿರುತ್ತದೆ. ಗೋಂದು ಸಡಿಲವಾಗಿ ಸ್ಟಿಕ್ಕರ್ ಅಂಚಿನಲ್ಲಿ ಗುಳ್ಳೆ ಎದ್ದಿತ್ತು. ಡಿಸ್ಕ್ ಡ್ರೈವ್‌ನೊಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಒಂದು ಕಡೆ ಸ್ವಲ್ಪ ಭಾರ ಜಾಸ್ತಿಯಾದರೂ ಅಲುಗಾಡುತ್ತದೆ. ಭತ್ತದ ಸೀಸನ್ನಿನಲ್ಲಿ ಬಿಲ್ ಮಾಡಲಾಗದೆ ಕಾರಟಗಿಯ ಒಬ್ಬ ಗಿರಾಕಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದರು. ಬೈಯಲಿಲ್ಲ ಅವರು. "ಲಾರಿ ನಿಂತೈತ್ರೀ" ಅಂದರು ಅಷ್ಟೇ. ಬೆಳಿಗ್ಗೆ ಐದಕ್ಕೆ ನಾನೇ ಹೊರಟು ಹೋಗಿ ಹಾಕಿಕೊಟ್ಟು ಬಂದೆ.

ಈಗ ಈ ಅಂಗಡಿಯ ವಿಷಯ. ಇಲ್ಲಿ ಡಿವಿಡಿಯನ್ನು 8ಎಕ್ಸ್ ಸ್ಪೀಡಿನಲ್ಲೇ, ಅಂದರೆ ಅವಸರ ಮಾಡದೆ ನಿಧಾನವಾಗಿ ಬರೆಯುತ್ತಾರೆ. ಬರೆದ ಮೇಲೆ ವೆರಿಫೈ ಮಾಡುತ್ತಾರೆ, ಅಂದರೆ ಸರಿಯಾಗಿ ಬರೆದಿದೆಯಾ ಅಂತ ತಿರುಗಿ ಓದಿ ನೋಡುತ್ತಾರೆ, ತುಂಬಿದ ಡಿಸ್ಕ್ ಆದರೆ ಎರಡೂ ಸೇರಿ ಹೆಚ್ಚುಕಡಿಮೆ ಕಾಲು ಗಂಟೆ. ಅಷ್ಟಕ್ಕೇ ಬಿಡುವುದಿಲ್ಲ. ಮೂಲೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ, ಕೀಬೋರ್ಡಿನ ಅರ್ಧ ಅಕ್ಷರ ಅಳಿಸಿಹೋಗಿವೆ. ಒಂದೊಂದು ಡಿಸ್ಕನ್ನೂ ಅದಕ್ಕೆ ಹಾಕಿ ಇನ್‌ಸ್ಟಾಲ್ ಪರದೆ ಬರುತ್ತದಾ ನೋಡುತ್ತಾರೆ. ಯಾಕೆ ಅಂತ ಕೇಳಿದ್ದೆ. ಬರೆದ ಡ್ರೈವ್ ತಾನು ಬರೆದದ್ದನ್ನು ಹೇಗೋ ಓದಿಬಿಡುತ್ತದೆ, ಸವೆದ ಡ್ರೈವ್ ಓದಿದರೆ ಮಾತ್ರ ನಂಬಬೇಕು ಅಂದರು. ಮಿಲ್ಲಿನ ಕಂಪ್ಯೂಟರ್‌ಗಳಲ್ಲಿ ಇರುವುದು ತೌಡಿನ ಧೂಳು ಕುಡಿದ ಅಂಥ ಡ್ರೈವ್‌ಗಳೇ. ಈ ಒಂದು ಅಭ್ಯಾಸಕ್ಕೇ ನಾನು ಆರು ವರ್ಷದಿಂದ ಬೇರೆ ಕಡೆ ಹೋಗಿಲ್ಲ. ಇಷ್ಟು ದಿನದಲ್ಲಿ ವಾಪಸ್ ಬಂದದ್ದು ಮೂರೇ ಮೂರು, ಅದರಲ್ಲೂ ಒಂದು ದಾರಿಯಲ್ಲಿ ಮುರಿದದ್ದು.

ಸ್ಟಿಕ್ಕರ್ ಇಲ್ಲಿ ಇಲ್ಲವೇ ಇಲ್ಲ. ಮೇಲ್ಮೈ ಬಿಳಿ ಇರುವ ಡಿಸ್ಕ್ ತರಿಸಿ ಪ್ರಿಂಟರ್‌ನಲ್ಲಿ ನೇರವಾಗಿ ಅದರ ಮೇಲೇ ಮುದ್ರಿಸುತ್ತಾರೆ. ಒಂದು ಎಚ್ಚರ ಹೇಳಬೇಕು. ಕವರ್ ಡಿಸೈನ್ ಮಾಡುವ ಹುಡುಗ ಹಳೇ ಕೋರೆಲ್‌ಡ್ರಾ ಇಟ್ಟುಕೊಂಡಿದ್ದಾನೆ. ಯೂನಿಕೋಡ್ ಕನ್ನಡ (ಫೋನಿನಲ್ಲಿ, ವೆಬ್‌ಸೈಟಿನಲ್ಲಿ ಬರುವ ಕನ್ನಡ) ಹಾಕಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ, ನನ್ನ ಕವರ್ ಮೇಲಿದ್ದ 'ಅಕ್ಕಿ ಲೆಕ್ಕ' ಮೊದಲ ಪ್ರಿಂಟಿನಲ್ಲಿ ಓದಲಾಗದ ಹಾಗೆ ಬಂದಿತ್ತು. ಬರಹವನ್ನು ನುಡಿ ಫಾಂಟಿಗೆ ಬದಲಿಸಿ ಕೊಡಿ, ಇಲ್ಲವೇ ಚಿತ್ರ ಮಾಡಿ ಕೊಡಿ. ಪ್ರೂಫ್ ನೋಡದೆ ಹೂಂ ಅನ್ನಬೇಡಿ.

ಇನ್ನು ರೇಟು. ಪ್ರಿಂಟ್ ಸೇರಿ ಒಂದು ಡಿವಿಡಿಗೆ 48 ರೂಪಾಯಿ ಕೊಡುತ್ತೇನೆ. ಜಾಸ್ತಿ ಅನ್ನಿಸಬಹುದು. ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿ ಒತ್ತಿಸಿದರೆ ಒಂದಕ್ಕೆ ಇಷ್ಟು ಬೀಳುವುದಿಲ್ಲ, ನಿಜ, ಆದರೆ ಅಲ್ಲಿ ಮೊದಲು ಗಾಜಿನ ಮಾಸ್ಟರ್ ಆಗಬೇಕು, ಅದರಿಂದ ಲೋಹದ ಅಚ್ಚು ಆಗಬೇಕು, ಹಾಗಾಗಿ ನೂರಾರು, ಸಾವಿರ ಡಿಸ್ಕ್ ಒಟ್ಟಿಗೆ ಮಾಡಿಸಿದರೆ ಮಾತ್ರ ಲೆಕ್ಕ ಗಿಟ್ಟುತ್ತದೆ. ನನ್ನಂಥವರು ಸಾವಿರ ಮಾಡಿಸಿಟ್ಟರೆ ಮುಳುಗಿಹೋಗುತ್ತೇವೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ ಪ್ಯಾಕೆಟ್ಟಿಗೆ 5% ಜಿಎಸ್‌ಟಿ ಬಂತಲ್ಲ, ಆಗ 25 ದಾಟಿದರೆ ತೆರಿಗೆ ಇಲ್ಲ ಅಂತ ಮಿಲ್‌ನವರು 26 ಕೆಜಿ ಚೀಲ ಶುರು ಮಾಡಿದರು. ನನ್ನ ಸಾಫ್ಟ್‌ವೇರಿನಲ್ಲಿ 26ರ ಚೀಲವೇ ಇರಲಿಲ್ಲ! ಎರಡು ರಾತ್ರಿ ಕೂತು ಸೇರಿಸಿದೆ. ಮೂರನೇ ದಿನ ಇವರು 35 ಹೊಸ ಡಿಸ್ಕ್ ಬರೆದುಕೊಟ್ಟರು, ಅಂಗಡಿ ಬಾಗಿಲು ಹಾಕುವಾಗ ರಾತ್ರಿ ಹನ್ನೊಂದಾಗಿತ್ತು. ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ನನ್ನ ಹತ್ತಿರ ದಂಡವಾದ ಹಳೇ ಡಿಸ್ಕ್ ಒಂಬತ್ತು ಮಾತ್ರ.

ಪ್ಯಾಕಿಂಗ್ ಕಲಿತದ್ದೂ ಇಲ್ಲೇ. ಮುಂಚೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸುತ್ತಿದ್ದೆ, ನೋಡಲು ಚೆನ್ನಾಗಿರುತ್ತದೆ ಅಂತ. ತಲುಪುವಷ್ಟರಲ್ಲಿ ಅದರ ಕೀಲು ಮುರಿದು, ಚೂರು ಡಿಸ್ಕ್ ಮೇಲೆ ಉಜ್ಜಿ ಗೀರು ಬಿದ್ದಿರುತ್ತಿತ್ತು. ಈಗ ಡಿಸ್ಕ್ ತೆಳು ಕವರ್‌ನಲ್ಲಿ, ಅದರ ಎರಡೂ ಕಡೆ ಡಿಸ್ಕ್‌ಗಿಂತ ಒಂದು ಬೆರಳು ದೊಡ್ಡದಾದ ರಟ್ಟು, ಸುತ್ತ ಟೇಪ್. ಡಿಸ್ಕ್ ತೂಕ 16 ಗ್ರಾಂ ಹತ್ತಿರ, ರಟ್ಟು ಲಕೋಟೆ ಎಲ್ಲ ಸೇರಿಸಿದರೂ 50 ಗ್ರಾಂ ಒಳಗೆ ಬರುತ್ತದೆ, ಸ್ಪೀಡ್ ಪೋಸ್ಟಿನಲ್ಲಿ ಮೊದಲನೇ ದರಕ್ಕೇ ಮುಗಿಯುತ್ತದೆ. ಹೆಂಡತಿ ಒಂದು ಗಂಟೆಯಲ್ಲಿ ಇಪ್ಪತ್ತು ಕಟ್ಟಿಬಿಡುತ್ತಾಳೆ. ಸೀರಿಯಲ್ ನಂಬರನ್ನು ಡಿಸ್ಕ್ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ಸಿಡಿಯಲ್ಲಂತೂ ಮಾಹಿತಿಯ ಪದರ ಮೇಲ್ಗಡೆಯೇ ಇರುತ್ತದೆ, ಪೆನ್ ಒತ್ತಿದರೆ ಅದೇ ಕಿತ್ತುಹೋಗುತ್ತದೆ. ಮೆತ್ತನೆ ಮಾರ್ಕರ್ ಇರಲಿ.

ಕುಂದುಕೊರತೆ ಇದೆ. ಎರಡು ಪದರದ ಡಿವಿಡಿ ಇವರು ಮಾಡುವುದಿಲ್ಲ, 4.7 ಜಿಬಿ ಡಿಸ್ಕ್ ಮಾತ್ರ, ಅದರಲ್ಲೂ ಕಂಪ್ಯೂಟರ್ ಲೆಕ್ಕದಲ್ಲಿ 4.38 ಅಷ್ಟೇ ಹಿಡಿಯುತ್ತದೆ. ನನ್ನ ಕನ್ನಡ ತರಬೇತಿ ವಿಡಿಯೋಗಳನ್ನು ಅದಕ್ಕೇ ಕಡಿತ ಮಾಡಬೇಕಾಯಿತು. ಖಾಲಿ ಡಿಸ್ಕ್ ಸ್ಟಾಕ್ ಕೆಲವು ಸಲ ವಾರಗಟ್ಟಲೆ ಇರುವುದಿಲ್ಲ, ಹೋಗುವ ಮುಂಚೆ ಫೋನ್ ಮಾಡಿ. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಭಾನುವಾರ ರಜೆ.

ಹೋದ ವಾರ 22 ಡಿಸ್ಕ್ ತಂದೆ. ಅದರಲ್ಲಿ ಒಂದು ಸಿರುಗುಪ್ಪಕ್ಕೆ ಹೋಯಿತು, ಅಲ್ಲಿನ ಹೊಸ ಲ್ಯಾಪ್‌ಟಾಪಿಗೆ ಡಿಸ್ಕ್ ಡ್ರೈವೇ ಇಲ್ಲ. ಆದರೂ ಸಾಹುಕಾರರಿಗೆ ಡಿಸ್ಕೇ ಬೇಕಂತೆ. ಅಂಗಡಿಯವರು ಯುಎಸ್‌ಬಿಗೆ ಸಿಕ್ಕಿಸುವ ತಮ್ಮದೇ ಡಿವಿಡಿ ಡ್ರೈವ್ ಕೊಟ್ಟು, ಕೆಲಸ ಮುಗಿದ ಮೇಲೆ ತಂದುಕೊಡಿ ಅಂದರು. ನಾಳೆ ವಾಪಸ್ ಕೊಡಬೇಕು.