ಗುಂಡಿ ಒತ್ತಿದರೆ ಕಳಚಿ ಬರುವ ಕಮೋಡ್ ಸೀಟು, 14 ತಿಂಗಳು ಬಳಸಿದ ಮೇಲೆ

ಕಮೋಡ್ ಸೀಟಿನ ಬಗ್ಗೆ ಇಷ್ಟುದ್ದ ಬರೆಯೋಕೆ ಏನಿದೆ ಅಂತ ನಗಬೇಡಿ. ಇದನ್ನು ಕೊಳ್ಳುವ ಮುಂಚೆ ನಾನು ಓದಿದ ರಿವ್ಯೂಗಳಲ್ಲಿ ಮುಕ್ಕಾಲು ಪಾಲು ಡಬ್ಬ ಬಿಚ್ಚಿದ ದಿನವೇ ಬರೆದವು. ಮುಚ್ಚಳ ಸದ್ದಿಲ್ಲದೆ ಇಳಿಯುತ್ತೆ, ಹೊಳಪು ಚೆನ್ನಾಗಿದೆ, ಐದು ಸ್ಟಾರ್. ಮೊದಲ ದಿನ ಹೊಳಪು ಯಾವುದಕ್ಕೆ ಇರೋದಿಲ್ಲ ಹೇಳಿ? ಆರು ತಿಂಗಳಾದ ಮೇಲೆ ಅದೇ ಸೀಟಿನ ಕೀಲಿನ ಬುಡಕ್ಕೆ ಮೂಗು ಹಿಡಿದು ನೋಡಿದವರು ಒಬ್ಬರೂ ಸಿಗಲಿಲ್ಲ. ನಾನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಬ್ರಾಂಡ್ ಹೆಸರು ಹೇಳೋದಿಲ್ಲ. ಯಾಕೆಂದರೆ ನಾನು ಹೇಳುವ ತಪ್ಪುಗಳು ಈ ಒಂದು ಕಂಪನಿಯದ್ದಲ್ಲ, ಈ ಥರದ ಬಹಳಷ್ಟು ಸೀಟುಗಳಲ್ಲಿ ಇರುವಂಥವು.

ಮೊದಲು ಹಳೇ ಸೀಟಿನ ಕಥೆ. ನಮ್ಮ ಮನೆಯಲ್ಲಿ ಟಾಯ್ಲೆಟ್ ತೊಳೆಯುವ ಪಾಳಿ ನನ್ನದು. ವಾರಕ್ಕೆ ಎರಡು ಸಲ ಚೆನ್ನಾಗಿಯೇ ಉಜ್ಜುತ್ತಿದ್ದೆ. ಆದರೂ ಮಾರನೇ ದಿನ ಬಾಗಿಲು ತೆಗೆದರೆ ಸಣ್ಣಗೆ ಒಂದು ಘಾಟು ವಾಸನೆ. ಡ್ರೈನ್ ಇರಬೇಕು ಅಂದುಕೊಂಡು ಅದಕ್ಕೆ ಏನೇನೋ ಸುರಿದೆ. ನೆಲದ ಟೈಲ್ಸ್ ಸಂದಿ ಉಜ್ಜಿದೆ. ಫ್ಲಶ್ ಟ್ಯಾಂಕ್ ಹಿಂದೆ ಕೈ ಹಾಕಿ ಒರೆಸಿದೆ. ವಾಸನೆ ಮಾತ್ರ ಹೋಗಲಿಲ್ಲ. "ರೀ, ನೀವು ತೊಳೆದ ಮೇಲೇ ಜಾಸ್ತಿ ಬರುತ್ತೆ ನೋಡಿ" ಅಂತ ಹೆಂಡತಿ ಅಂದಾಗ ನನಗೆ ಸಿಟ್ಟೇ ಬಂದಿತ್ತು. ಅವಳು ಹೇಳಿದ್ದು ಸರಿ ಅಂತ ಗೊತ್ತಾಗಿದ್ದು ಒಂದು ಭಾನುವಾರ, ಸೀಟು ಅಲ್ಲಾಡುತ್ತೆ ಅಂತ ಬಿಚ್ಚೋಕೆ ಕೂತಾಗ.

ಬಿಚ್ಚೋದು ಅಂದರೆ ಸುಲಭ ಇರಲಿಲ್ಲ. ನಟ್ ಇರುವುದು ಕಮೋಡಿನ ತಳದಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ. ನೆಲದ ಮೇಲೆ ಕೆನ್ನೆ ಒತ್ತಿ ಮಲಗಿ, ಕೈ ಮೇಲಕ್ಕೆ ಚಾಚಿ ತಿರುಗಿಸಿದರೆ ನಟ್ ಜೊತೆ ಬೋಲ್ಟೂ ಸುತ್ತುತ್ತೆ. ಅದು ಪ್ಲಾಸ್ಟಿಕ್ ಬೋಲ್ಟು, ಅದರ ತಲೆಯ ಗೀರು ಆಗಲೇ ಸವೆದು ಹೋಗಿತ್ತು. ಕೊನೆಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ದು ತೆಗೆದೆ. ಪಿಂಗಾಣಿಗೆ ಗೀರು ಬೀಳದಿರಲಿ ಅಂತ ಅಡಿಗೆ ಹಳೇ ರಟ್ಟು ಇಟ್ಟುಕೊಂಡು, ಒಂದೊಂದು ಬೋಲ್ಟಿಗೆ ಇಪ್ಪತ್ತು ನಿಮಿಷ.

ಸೀಟು ಎತ್ತಿದಾಗ ಕಂಡಿದ್ದನ್ನು ಹೇಳಲೇಬೇಕು, ಊಟ ಮಾಡುತ್ತಾ ಓದುತ್ತಿದ್ದರೆ ಈ ಪ್ಯಾರಾ ಬಿಟ್ಟುಬಿಡಿ. ಕೀಲಿನ ಬುಡದಲ್ಲಿ ಹೊಳೆಯುವ ಒಂದು ಬಟ್ಟಲಿನಂಥ ಮುಚ್ಚಳ, ಕ್ರೋಮ್ ಬಣ್ಣ ಬಳಿದ ಪ್ಲಾಸ್ಟಿಕ್. ಹೊರಗಿನಿಂದ ನೋಡಿದರೆ ಕನ್ನಡಿ. ಅದನ್ನು ಉಗುರಿನಿಂದ ಎಬ್ಬಿಸಿದೆ. ಒಳಗೆ ಟೊಳ್ಳು. ಟೊಳ್ಳಿನ ತುಂಬ ಕಂದು ಬಣ್ಣದ ಲೋಳೆ, ಅಂಚಿನ ಸುತ್ತ ಬೆಲ್ಲದ ಪಾಕ ಒಣಗಿದ ಹಾಗೆ ಹಳದಿ ಪದರ. ಅದರ ಕೆಳಗೆ ಪಿಂಗಾಣಿಯ ಮೇಲೆ ಉಂಗುರದ ಆಕಾರದ ಕರೆ, ಉಗುರು ಹಾಕಿ ಕೆರೆದರೂ ಏಳದಷ್ಟು ಗಟ್ಟಿ. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಆ ಗಾದೆ ಮಾಡಿದವರು ಈ ಮುಚ್ಚಳ ನೋಡಿಯೇ ಮಾಡಿದ್ದಾರೇನೋ ಅನ್ನಿಸಿತು. ನಾನು ತೊಳೆದಾಗಲೆಲ್ಲ ನೀರು ಒಳಗೆ ಹೋಗಿ, ಒಳಗಿನ ಗಲೀಜನ್ನು ಕದಡಿ ಹೊರಗೆ ತರುತ್ತಿತ್ತು. ತೊಳೆದ ಮೇಲೇ ವಾಸನೆ ಜಾಸ್ತಿ ಆಗುತ್ತಿದ್ದುದು ಅದಕ್ಕೆ.

ಇದು ಹೇಗಾಗುತ್ತೆ ಅಂದರೆ, ಕೀಲಿನ ಬುಡಕ್ಕೂ ಪಿಂಗಾಣಿಗೂ ನಡುವೆ ಕಾಗದದಷ್ಟು ತೆಳು ಸಂದಿ ಇದ್ದರೂ ಸಾಕು, ಬತ್ತಿ ಎಣ್ಣೆ ಹೀರಿಕೊಂಡ ಹಾಗೆ ಆ ಸಂದಿ ದ್ರವವನ್ನು ಎಳೆದುಕೊಳ್ಳುತ್ತದೆ. ಒಳಗೆ ಹೋದದ್ದು ಬೇಗ ಒಣಗಲ್ಲ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ, ಆ ಘಾಟು ಅದರದ್ದೇ. ಅಮೋನಿಯಾದಿಂದ ದ್ರವ ಕ್ಷಾರವಾಗುತ್ತಿದ್ದ ಹಾಗೆ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಫಾಸ್ಫೇಟುಗಳು ಬೇರ್ಪಟ್ಟು ಗಟ್ಟಿಯಾಗಿ ಕೂರುತ್ತವೆ. ಆ ಹಳದಿ ಪದರ ಅಂದರೆ ಒಂಥರಾ ಕಲ್ಲು. ಗಡಸು ನೀರಿದ್ದರೆ ಇನ್ನೂ ಬೇಗ ಕಟ್ಟುತ್ತೆ. ಆ ಕಲ್ಲಿನ ಒರಟು ಮೈ ಮೇಲೆ ಇನ್ನಷ್ಟು ಗಲೀಜು ಹಿಡಿಯುತ್ತೆ. ಬ್ರಷ್ಷು ಮೇಲ್ಮೈ ಮೇಲೆ ಆಡುತ್ತೆ ಅಷ್ಟೆ, ಸಂದಿಗೊಂದಿಗೆ ಅದರ ಕೂದಲು ಹೋಗೋದಿಲ್ಲ.

ಹಾಗಾಗಿ ಹೊಸ ಸೀಟು ಹುಡುಕುವಾಗ ನನಗಿದ್ದ ಷರತ್ತು ಒಂದೇ. ಸ್ಪ್ಯಾನರ್ ಇಲ್ಲದೆ ಪೂರ್ತಿ ಕಳಚಿ ಬರಬೇಕು. ತಂದದ್ದು ಇದು. ಯೂರಿಯಾ ಫಾರ್ಮಾಲ್ಡಿಹೈಡ್ ಸೀಟು, ಅಂದರೆ ಮುಟ್ಟಿದರೆ ಪಿಂಗಾಣಿಯ ಹಾಗೇ ತಣ್ಣಗೆ, ಗಟ್ಟಿಯಾಗಿ, ಭಾರವಾಗಿ ಇರುವ ಜಾತಿ. ಇನ್ನೊಂದು ಜಾತಿ ಪಾಲಿಪ್ರೊಪಿಲೀನ್, ಹಗುರ, ಸ್ವಲ್ಪ ಬಾಗುತ್ತೆ, ಬೇಗ ಗೀರು ಬೀಳುತ್ತೆ. ಗಟ್ಟಿ ಜಾತಿಗೆ ಗೀರು ಕಡಿಮೆ, ಆದರೆ ಕೈಜಾರಿ ಟೈಲ್ಸ್ ಮೇಲೆ ಬಿದ್ದರೆ ಬಿರುಕು ಬಿಡಬಹುದು. ಕಳಚಿ ತೊಳೆಯುವ ಸೀಟಿಗೆ ಇದೊಂದು ನಿಜವಾದ ಭಯ, ಒದ್ದೆ ಕೈಯಲ್ಲಿ ಹಿಡಿಯುವವರು ನಾವೇ ಅಲ್ವಾ. ಆದರೂ ನಾನು ಇದನ್ನೇ ಆರಿಸಿದ್ದಕ್ಕೆ ಕಾರಣ ಅದರ ಅಡಿಭಾಗ. ಅಗ್ಗದ ಪ್ಲಾಸ್ಟಿಕ್ ಸೀಟುಗಳನ್ನು ತಿರುಗಿಸಿ ನೋಡಿ, ಬಲಕ್ಕೆ ಅಂತ ಪಕ್ಕೆಲುಬಿನ ಥರ ಗೆರೆಗಳು, ನಡುವೆ ಗುಳಿಗಳು. ಒಂದೊಂದು ಗುಳಿಯೂ ಒಂದೊಂದು ಕೊಳೆಯ ಡಬ್ಬಿ. ಇದರ ಅಡಿ ತಟ್ಟೆಯ ಹಾಗೆ ನುಣುಪು.

ಹಾಕುವ ಮುಂಚೆ ಅಳತೆ ನೋಡಿಕೊಳ್ಳಿ. ಕಮೋಡಿನ ಎರಡು ತೂತುಗಳ ನಡುವಿನ ದೂರ, ನಡುವಿನಿಂದ ನಡುವಿಗೆ, ಬಹಳ ಕಡೆ 155 ಮಿಲಿಮೀಟರ್ ಸುಮಾರು, ಅಮೆರಿಕದ ಮಾದರಿಗಳಲ್ಲಿ 140. ನಮ್ಮದು 155. ತೂತಿನ ತಳಕ್ಕೆ ಕೈ ಹೋಗದ ಕಮೋಡುಗಳೂ ಇವೆ, ಅವಕ್ಕೆ ಮೇಲಿನಿಂದಲೇ ತಿರುಪು ಬಿಗಿಯುವ ವ್ಯವಸ್ಥೆ ಬೇಕು. ಅದರಲ್ಲಿ ಒಂದು ರಬ್ಬರ್ ಬಿರಡೆ ತೂತಿನೊಳಗೆ ಇಳಿಯುತ್ತೆ, ತಿರುಪು ಬಿಗಿದಂತೆಲ್ಲ ಹೊಟ್ಟೆ ಉಬ್ಬಿಸಿಕೊಂಡು ಕಚ್ಚಿ ಕೂರುತ್ತೆ. ನನ್ನ ಸೀಟಿನ ಜೊತೆ ಈ ಬಿರಡೆಯೂ, ತಳದಿಂದ ನಟ್ ಬಿಗಿಯುವ ಉದ್ದ ಬೋಲ್ಟೂ ಎರಡೂ ಬಂದಿದ್ದವು. ಸೋಮಾರಿತನಕ್ಕೆ ರಬ್ಬರ್ ಬಿರಡೆ ಹಾಕಿದೆ, ಐದು ತಿಂಗಳಿಗೆ ಸೀಟು ಪಕ್ಕಕ್ಕೆ ಜರುಗೋಕೆ ಶುರುವಾಯಿತು, ಬಿಗಿ ಮಾಡಿದರೆ ಮತ್ತೆ ಎರಡು ತಿಂಗಳು, ಆಮೇಲೆ ಮತ್ತೆ ಅದೇ. ತಳಕ್ಕೆ ಕೈ ಹೋಗುವ ಹಾಗಿದ್ದರೆ ಉದ್ದ ಬೋಲ್ಟು, ರಬ್ಬರ್ ವಾಷರ್, ನಟ್ ಇವನ್ನೇ ಹಾಕಿ. ಕೈಯಲ್ಲಿ ಬಿಗಿದು ಕಾಲು ಸುತ್ತು ಜಾಸ್ತಿ, ಅಷ್ಟು ಸಾಕು. ಜೋರು ಮಾಡಿದರೆ ಪಿಂಗಾಣಿ ಒಡೆಯುತ್ತೆ.

ಈಗ ಗುಂಡಿಯ ವಿಷಯ. ಸೀಟಿನ ಹಿಂಭಾಗದ ನಡುವೆ ಒಂದು ಗುಂಡಿ. ಒತ್ತಿ ನೇರ ಮೇಲಕ್ಕೆ ಎತ್ತಿದರೆ ಸೀಟು, ಮುಚ್ಚಳ, ಕೀಲು ಎಲ್ಲ ಒಟ್ಟಿಗೆ ಕೈಗೆ ಬರುತ್ತೆ. ಕಮೋಡಿನ ಮೇಲೆ ಉಳಿಯೋದು ಹೆಬ್ಬೆರಳಿನಷ್ಟು ದಪ್ಪದ ಎರಡು ಸ್ಟೀಲ್ ಗೂಟ. ಹತ್ತು ಸೆಕೆಂಡ್ ಕೆಲಸ. ಮೊದಲ ಸಲ ಮಾಡಿದಾಗ ಸುಮ್ನೆ ನಾಲ್ಕು ಸಲ ಹಾಕಿ ತೆಗೆದು ಮಾಡಿದೆ, ಮಕ್ಕಳಾಟದ ಹಾಗೆ. ಹಿಂದೆ ಟೂತ್ ಬ್ರಷ್ ತೂರಿಸಿ ಪರದಾಡುತ್ತಿದ್ದ ಜಾಗ, ಅಂದರೆ ಕೀಲಿಗೂ ಫ್ಲಶ್ ಟ್ಯಾಂಕಿಗೂ ನಡುವಿನ ಎರಡು ಬೆರಳಗಲದ ಪಟ್ಟಿ, ಈಗ ಬಟ್ಟೆಯಿಂದ ಒಂದೇ ಎಳೆತಕ್ಕೆ ಒರೆಸಬಹುದು. ಇದಕ್ಕೆ ನನ್ನಿಂದ ಪೂರ್ತಿ ಅಂಕ.

ಆದರೆ ಕಂಪನಿಯವರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತೆ, ನನ್ನ ತಕರಾರು ಇಲ್ಲಿಂದ ಶುರು. ಸೀಟು ಕಳಚಿತು ಸರಿ. ಗೂಟ? ಅದು ತಿರುಪು ಹಾಕಿ ಕೂರಿಸಿದ್ದು, ಅದು ಬರೋದಿಲ್ಲ. ಗೂಟದ ಬುಡದಲ್ಲಿ ಒಂದು ದುಂಡು ತಟ್ಟೆ ಇದೆ. ಬೇರೆ ಬೇರೆ ಅಳತೆಯ ಕಮೋಡಿಗೆ ಹೊಂದಲಿ ಅಂತ ಆ ತಟ್ಟೆಯಲ್ಲಿ ಉದ್ದನೆಯ ಸೀಳು ಬಿಟ್ಟಿದ್ದಾರೆ, ಗೂಟವನ್ನು ಹಿಂದೆ ಮುಂದೆ ಜರುಗಿಸೋಕೆ. ಸೀಳು ಕಾಣಬಾರದು ಅಂತ ಮೇಲೊಂದು ಸ್ಟೀಲ್ ಟೋಪಿ. ಟೋಪಿಯ ಕೆಳಗೆ ಮತ್ತದೇ ಟೊಳ್ಳು! ಮೂರನೇ ತಿಂಗಳಿಗೆ ಟೋಪಿ ಎಬ್ಬಿಸಿ ನೋಡಿದೆ. ಹಳೆಯದರಷ್ಟು ಘೋರ ಇರಲಿಲ್ಲ, ಆದರೆ ಸೀಳಿನೊಳಗೆ ತೆಳ್ಳಗೆ ಹಳದಿ ನೀರು ನಿಂತಿತ್ತು. ಗಲೀಜು ಇರುವ ಜಾಗ ಚಿಕ್ಕದಾಗಿದೆ, ಇಲ್ಲವಾಗಿಲ್ಲ.

ತಟ್ಟೆಯ ಅಡಿಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ವಾಷರ್ ಕೊಟ್ಟಿದ್ದಾರೆ, ಗಟ್ಟಿಯದು. ಪಿಂಗಾಣಿ ಯಾವತ್ತೂ ಪೂರ್ತಿ ಸಪಾಟಾಗಿ ಇರೋದಿಲ್ಲ, ಗೂಡಿನಲ್ಲಿ ಸುಡುವಾಗ ಸ್ವಲ್ಪ ಸೊಟ್ಟ ಆಗುತ್ತೆ. ಗಟ್ಟಿ ವಾಷರ್ ಆ ಸೊಟ್ಟಕ್ಕೆ ಒಗ್ಗೋದಿಲ್ಲ, ಒಂದು ಪಕ್ಕ ಬಾಯಿ ಬಿಟ್ಟುಕೊಂಡೇ ಇರುತ್ತೆ. ನಾನು ಅದನ್ನು ತೆಗೆದು ಮೆತ್ತಗಿನ ಸಿಲಿಕೋನ್ ಹಾಳೆಯಿಂದ ತಟ್ಟೆಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಎರಡು ಬಿಲ್ಲೆ ಕತ್ತರಿಸಿ ಹಾಕಿದೆ. ತಿರುಪು ಬಿಗಿದಾಗ ಅದರ ಅಂಚು ಸ್ವಲ್ಪ ಹೊರಗೆ ಉಬ್ಬಿ ಸಂದಿ ಮುಚ್ಚಿಕೊಂಡಿತು. ಏಳು ತಿಂಗಳಾದ ಮೇಲೆ ಬಿಚ್ಚಿ ನೋಡಿದರೆ ಅಡಿ ಒಣಗಿತ್ತು. ಕತ್ತರಿ ಹಿಡಿದು ನಾನು ಮಾಡಬಲ್ಲದ್ದನ್ನು ಅಚ್ಚಿನಲ್ಲಿ ಮಾಡಿ ಕಳಿಸೋಕೆ ಅವರಿಗೆ ಏನು ಕಷ್ಟ?

ನನ್ನ ಕೈಗೆ ಪೆನ್ಸಿಲ್ ಕೊಟ್ಟರೆ ಟೋಪಿ ಮೊದಲು ಕಿತ್ತು ಹಾಕುತ್ತೇನೆ. ಗೂಟವೂ ತಟ್ಟೆಯೂ ಒಂದೇ ತುಂಡು ಸ್ಟೀಲ್, ಎರಡೂ ಸೇರುವ ಕಡೆ ಚೂಪು ಮೂಲೆಯ ಬದಲು ಬಟ್ಟೆ ಜಾರಿ ಹೋಗುವಂಥ ಬಾಗು. ಅಳತೆ ಹೊಂದಿಸುವ ಸೀಳು ಮೇಲೆ ಬೇಡ, ಕೆಳಗೆ ಬೋಲ್ಟಿನ ಕಡೆ ಒಂದು ತಿರುಗುವ ಗಾಲಿಯ ಹಾಗೆ ಇಟ್ಟರೆ ಸಾಕು, ಒದ್ದೆಯಾಗದ ಜಾಗ. ಕಮೋಡ್ ಮಾಡುವವರೂ ತೂತಿನ ಸುತ್ತ ಒಂದೆರಡು ಮಿಲಿಮೀಟರ್ ದಿಬ್ಬ ಎಬ್ಬಿಸಿದರೆ ನೀರು ಅಲ್ಲಿ ನಿಲ್ಲದೆ ಹರಿದು ಹೋಗುತ್ತೆ. ಸೀಟಿನವರು ಒಬ್ಬರು, ಕಮೋಡಿನವರು ಇನ್ನೊಬ್ಬರು, ನಡುವಿನ ಸಂದಿ ಯಾರದ್ದೂ ಅಲ್ಲ. ಅದು ತೊಳೆಯುವವನ ಪಾಲಿಗೆ.

ಬೇರೆ ಸಣ್ಣ ಪುಟ್ಟ ದೂರುಗಳು. ಸೀಟಿನ ಅಡಿಯ ನಾಲ್ಕು ರಬ್ಬರ್ ಗುಂಡುಗಳು ಒತ್ತಿ ಕೂರಿಸಿದವು, ಅವುಗಳ ಸುತ್ತ ಕಪ್ಪು ಗೆರೆ ಕಟ್ಟುತ್ತೆ, ತಿಂಗಳಿಗೊಮ್ಮೆ ಕಿತ್ತು ತೊಳೆಯಬೇಕು. ಗುಂಡಿಯ ಸುತ್ತಲಿನ ಸಂದಿಯೂ ಹಾಗೇ. ತೊಳೆದು ವಾಪಸ್ ಹಾಕುವಾಗ ಎರಡೂ ಕಡೆ ಟಿಕ್ ಅನ್ನುವವರೆಗೆ ಒತ್ತಿ. ನಾನು ಒಮ್ಮೆ ಒಂದೇ ಕಡೆ ಕೂರಿಸಿ ಎದ್ದುಬಂದಿದ್ದೆ. ಆಮೇಲೆ ಹೋದವರು ನಮ್ಮ ಮಾವ. ಒಳಗಿನಿಂದ ಬಂದ ಕೂಗು ಇನ್ನೂ ಕಿವಿಯಲ್ಲಿದೆ, ಪುಣ್ಯಕ್ಕೆ ಏನೂ ಆಗಲಿಲ್ಲ.

ನಿಧಾನಕ್ಕೆ ಇಳಿಯುವ ಮುಚ್ಚಳ ಈಗಲೂ ನಿಧಾನಕ್ಕೇ ಇಳಿಯುತ್ತೆ. ಕೀಲಿನೊಳಗೆ ಮಂದವಾದ ಸಿಲಿಕೋನ್ ಗ್ರೀಸ್ ತುಂಬಿದ ಡ್ಯಾಂಪರ್, ಅಂದರೆ ಇಳಿಯುವ ವೇಗ ತಡೆಯುವ ಭಾಗ ಇರುತ್ತೆ, ಕೈಯಿಂದ ಒತ್ತಿ ಮುಚ್ಚಿದರೆ ಅದು ಹಾಳಾಗುತ್ತೆ, ಬಿಟ್ಟುಬಿಡಿ, ಅದೇ ಇಳಿಯಲಿ.

ತೊಳೆಯೋಕೆ ಏನು ಬಳಸಬೇಕು ಅಂತ ಕೇಳುವವರಿಗೆ. ಗೂಟದ ಸುತ್ತಲಿನ ಹಳದಿ ಪದರಕ್ಕೆ ಬ್ಲೀಚ್ ಹಾಕಿದರೆ ಬೆಳ್ಳಗಾಗುತ್ತೆ, ಕರಗೋದಿಲ್ಲ, ಕಲ್ಲು ಅಲ್ಲೇ ಇರುತ್ತೆ. ಜೊತೆಗೆ ಬ್ಲೀಚಿನಿಂದ ಸ್ಟೀಲ್ ಮೇಲೆ ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತೆ. ಕಮೋಡಿಗೆ ಹಾಕುವ ಹೈಡ್ರೋಕ್ಲೋರಿಕ್ ಆಸಿಡ್ ಕಲ್ಲನ್ನು ಕರಗಿಸುತ್ತೆ, ಸ್ಟೀಲನ್ನೂ ತಿನ್ನುತ್ತೆ. ನಾನು ಬಳಸೋದು ಸಿಟ್ರಿಕ್ ಆಸಿಡ್ ಪುಡಿ, ಬಿಸಿನೀರಿನಲ್ಲಿ ಕರಗಿಸಿ ಕಾಗದದ ಟಿಶ್ಯೂಗೆ ನೆನೆಸಿ ಗೂಟದ ಬುಡಕ್ಕೆ ಸುತ್ತಿ ಅರ್ಧ ಗಂಟೆ ಬಿಡೋದು, ಆಮೇಲೆ ಚೆನ್ನಾಗಿ ನೀರು ಹಾಕಿ ಒಣಗಿಸೋದು. ಬ್ಲೀಚನ್ನೂ ಯಾವುದೇ ಆಸಿಡ್ಡನ್ನೂ ಒಟ್ಟಿಗೆ ಹಾಕಲೇಬೇಡಿ, ಕ್ಲೋರಿನ್ ಅನಿಲ ಬರುತ್ತೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಕೊಳ್ಳಬಹುದಾ ಅಂದರೆ, ಹೌದು, ಬೋಲ್ಟು ಬಿಗಿದು ಮರೆತುಬಿಡುವ ಸೀಟಿಗಿಂತ ಇದು ಎಷ್ಟೋ ವಾಸಿ. ಅಂಗಡಿಯಲ್ಲಿ ನೋಡುವಾಗ ಮುಚ್ಚಳ ಇಳಿಸಿ ನೋಡಿ ಖುಷಿಪಡುವ ಬದಲು ಕೀಲು ತಿರುಗಿಸಿ ಅಡಿ ನೋಡಿ, ಟೋಪಿ ಇದ್ದರೆ ಎಬ್ಬಿಸಿ, ಒಳಗೆ ಬೆರಳಿಗೆ ಟೊಳ್ಳು ಸಿಕ್ಕರೆ ಇನ್ನೊಂದು ಮಾದರಿ ಕೇಳಿ. ನನ್ನಿಂದ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ರಬ್ಬರ್ ಬಿರಡೆಗೆ ಕಳೆದಿದ್ದು, ಒಂದು ಪೂರ್ತಿ ಸ್ಟಾರ್ ಆ ಟೋಪಿಗೆ. ಟೋಪಿಗಳನ್ನು ನಾನು ಈಗ ಹಾಕುತ್ತಲೇ ಇಲ್ಲ, ಎರಡೂ ಡ್ರಾಯರಿನಲ್ಲಿವೆ, ಇನ್ನೂ ಹೊಳೆಯುತ್ತಿವೆ.