ಫ್ಲಾರೆನ್ಸ್‌ಗೆ ಮೊದಲ ಸಲ ಹೋಗೋರೇ, ದಯವಿಟ್ಟು ಬಾಡಿಗೆ ಕಾರ್ ತಗೋಬೇಡಿ

ರಜೆಗೆ ಇಟಲಿ ಅಂತ ಅಂದ್ಕೊಂಡಿರೋರು, ಅದರಲ್ಲೂ ಫ್ಲಾರೆನ್ಸಲ್ಲಿ ನಾಲ್ಕೈದು ದಿನ ಉಳ್ಕೊಂಡು ಅಲ್ಲಿಂದ ಪೀಸಾ, ಸಿಯೆನಾ, ಲುಕ್ಕಾ ಅಂತ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರೋ ಪ್ಲಾನ್ ಇರೋರು ಇದನ್ನ ಪೂರ್ತಿ ಓದಿ. ನಿಮ್ಮ ಟ್ರಾವೆಲ್ ಏಜೆಂಟ್ "ಫ್ಯಾಮಿಲಿ ಇದೆಯಲ್ಲ ಮೇಡಂ, ಸೆಲ್ಫ್ ಡ್ರೈವ್ ಕಾರ್ ಹಾಕ್ಬಿಡ್ತೀನಿ, ನಿಮ್ಮ ಟೈಮಿಗೆ ನೀವು ಓಡಾಡ್ಕೋಬಹುದು" ಅಂದ್ರೆ ಬೇಡವೇ ಬೇಡ ಅಂತ ಹೇಳಿ. ನಮಗೂ ಬೆಂಗಳೂರಿನ ಏಜೆಂಟ್ ಹಿಂಗೇ ಹೇಳಿ ಕಾರ್ ಬುಕ್ ಮಾಡಿಸಿದ್ದು, ಅದರ ದುಡ್ಡು ಟ್ರಿಪ್ ಮುಗಿದು ಎಷ್ಟೋ ತಿಂಗಳಾದ ಮೇಲೂ ನಮ್ಮ ಕೈಯಿಂದ ಹೋಗ್ತಾನೇ ಇತ್ತು.

ನಮ್ಮ ಜೊತೆ ಅತ್ತೆ ಮಾವ ಇದ್ರು, ಅತ್ತೆಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ, ಮಗಳಿಗೆ ಇನ್ನೂ ಏಳು ವರ್ಷ, ಅದಕ್ಕೆ ಕಾರ್ ಅನ್ನೋ ಮಾತು ಎಲ್ಲರಿಗೂ ಸರಿ ಅನ್ನಿಸ್ತು. ಆರ್‌ಟಿಓಗೆ ಹೋಗಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡ್ವಿ (ಇಟಲೀಲಿ ನಮ್ಮ ಲೈಸೆನ್ಸ್ ಜೊತೆ ಇದು ಬೇಕೇ ಬೇಕು, ಬೇಡ ಅನ್ನೋ ಏಜೆಂಟ್ ಮಾತು ನಂಬಬೇಡಿ). ಹೋಟೆಲ್ ಹಳೇ ಊರಿನ ಒಳಗೇ ಇತ್ತು, ದ್ವೋಮೊ ಅಂತಾರಲ್ಲ ಆ ದೊಡ್ಡ ಚರ್ಚ್ ಪಕ್ಕದಲ್ಲೇ. ಒಳಗಡೆ ಹೊರಗಿನ ಗಾಡಿ ಬಿಡಲ್ಲ ಅಂತ ನಮ್ಮನೆಯವರು ಮೊದಲೇ ಓದಿದ್ರು, ಅದಕ್ಕೆ ಹೋಗೋ ಮುಂಚೆನೇ ಹೋಟೆಲ್‌ಗೆ ಮೇಲ್ ಮಾಡಿ ಕೇಳಿದ್ರು, ನಮ್ಮ ಕಾರ್ ನಂಬರ್ ಕೊಟ್ರೆ ಸಿಟಿ ಸಿಸ್ಟಮಲ್ಲಿ ಹಾಕ್ತೀರಾ ಅಂತ. ಹಾಕ್ತೀವಿ, ಬಂದ ದಿನ ನಂಬರ್ ಹೇಳಿದ್ರೆ ಸಾಕು ಅಂತ ಉತ್ತರ ಬಂತು. ಬಂದ ದಿನ ರಿಸೆಪ್ಷನಲ್ಲಿ ನಂಬರ್ ಬರೆದುಕೊಟ್ವಿ, ಆ ಹುಡುಗ ಕಂಪ್ಯೂಟರಲ್ಲಿ ಏನೋ ಟೈಪ್ ಮಾಡಿ ಆಯ್ತು ಅಂದ. ಅಲ್ಲಿಗೆ ನಾವು ನಿಶ್ಚಿಂತೆಯಾಗಿ ದಿನಾ ಬೆಳಗ್ಗೆ ಹೊರಗೆ ಹೋಗೋದು, ಸಂಜೆ ಅತ್ತೆ ಮಾವನ್ನ ಹೋಟೆಲ್ ಬಾಗಿಲಿಗೇ ತಂದು ಇಳಿಸೋದು ಮಾಡಿದ್ವಿ. ನಂಬರ್ ರಿಜಿಸ್ಟರ್ ಆಗಿರಲೇ ಇಲ್ಲ.

ಇದು ಹೆಂಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ. ಫ್ಲಾರೆನ್ಸಿನ ಹಳೇ ಊರು ಪೂರ್ತಿ ಝಡ್‌ಟಿಎಲ್ ಅನ್ನೋ ವಲಯ, ಅಂದ್ರೆ ಪರ್ಮಿಟ್ ಇರೋ ಗಾಡಿಗೆ ಮಾತ್ರ ಪ್ರವೇಶ. ಗೇಟು, ಚೈನು, ಪೊಲೀಸ್ ಏನೂ ಇರಲ್ಲ, ಬಿಳೀ ಬೋರ್ಡ್ ಮೇಲೆ ಕೆಂಪು ವೃತ್ತ, ಮೇಲೊಂದು ಕ್ಯಾಮೆರಾ, ಅಷ್ಟೇ. ಪಕ್ಕದ ಎಲೆಕ್ಟ್ರಾನಿಕ್ ಬೋರ್ಡಲ್ಲಿ 'ವಾರ್ಕೊ ಅತ್ತೀವೊ' ಅಂತ ಕೆಂಪು ಅಕ್ಷರ ಉರೀತಿದ್ರೆ ಕ್ಯಾಮೆರಾ ಆನ್ ಇದೆ, ಒಳಗೆ ಹೋಗಂಗಿಲ್ಲ. ವಾರದ ದಿನಗಳಲ್ಲಿ ಬೆಳಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ, ಬೇಸಿಗೇಲಿ ಕೆಲವು ರಾತ್ರಿ ಕೂಡ. ಒಳಗೆ ಹೋದ ಪ್ರತಿ ಸಲಕ್ಕೂ ಬೇರೆ ಬೇರೆ ಕೇಸ್. ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ ಹೋದ್ರೆ ಎರಡು ದಂಡ. ಜಿಪಿಎಸ್ ನಂಬಬೇಡಿ, ಅದು ಎಷ್ಟೋ ಸಲ ನೇರವಾಗಿ ಇದರೊಳಗೇ ಕರ್ಕೊಂಡು ಹೋಗುತ್ತೆ. ಬಸ್‌ಗೆ ಮಾತ್ರ ಅಂತ ಬಿಟ್ಟಿರೋ ಲೇನ್‌ಗಳ ಮೇಲೂ ಇದೇ ಥರ ಕ್ಯಾಮೆರಾ ಇದೆ.

ಮೊದಲು ಗೊತ್ತಾಗೋದು ಕಾರ್ಡ್ ಮೆಸೇಜಿಂದ. ಊರಿಗೆ ಬಂದು ಸ್ವಲ್ಪ ದಿನ ಆದ್ಮೇಲೆ ಕಾರ್ ಕಂಪನಿಯವರು ನಮ್ಮ ಕ್ರೆಡಿಟ್ ಕಾರ್ಡಿಂದ ದುಡ್ಡು ಎಳ್ಕೊಂಡ್ರು, ಮತ್ತೆ ಇನ್ನೊಂದ್ಸಲ, ಮತ್ತೂ ಒಂದ್ಸಲ. ಇದು ದಂಡ ಅಲ್ಲ ಅನ್ನೋದು ಗಮನದಲ್ಲಿರಲಿ. ಪೊಲೀಸ್ ಕೇಳಿದಾಗ ನಮ್ಮ ಹೆಸರು ಅಡ್ರೆಸ್ ಕೊಟ್ಟಿದ್ದಕ್ಕೆ ಅವರು ಹಾಕೋ ಸರ್ವಿಸ್ ಚಾರ್ಜ್, ಕಾರ್ ತಗೊಳ್ಳುವಾಗ ಸಹಿ ಮಾಡಿಸ್ಕೊಳ್ಳೋ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ತುಂಬಾ ಜನ ಇಷ್ಟಕ್ಕೆ ಮುಗೀತು ಅಂದ್ಕೋತಾರೆ. ಅಸಲಿ ದಂಡದ ನೋಟಿಸ್ ಆಮೇಲೆ ಮನೆಗೆ ಬರುತ್ತೆ, ವಿದೇಶದವರಿಗೆ ಕಳ್ಸೋಕೆ ಅವರಿಗೆ 360 ದಿನ ಟೈಮ್ ಇದೆ. ನಮಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಒಂದರ ಹಿಂದೆ ಒಂದು ಲಕೋಟೆ ಬಂತು, ದಂಡ ಮತ್ತೆ ನೋಟಿಸ್ ಖರ್ಚು ಸೇರಿ ಒಂದೊಂದಕ್ಕೂ ನೂರು ಯೂರೋ ಹತ್ತತ್ರ, ಅಂದ್ರೆ ಹತ್ತು ಸಾವಿರ ರೂಪಾಯಿ ಅಂತಿಟ್ಕೊಳ್ಳಿ. ಪೋಸ್ಟ್‌ಮ್ಯಾನ್ ಬಂದ್ರೆ ಸಾಕು ಮಾವ ಮುಖ ಸಣ್ಣಗೆ ಮಾಡ್ಕೋತಿದ್ರು, ನಮ್ಮನ್ನ ಬಾಗಿಲಿಗೆ ಇಳಿಸೋಕೆ ಹೋಗೇ ಇದೆಲ್ಲ ಆಯ್ತು ಅಂತ. ದುಡ್ಡಿಗಿಂತ ನನಗೆ ಜಾಸ್ತಿ ಬೇಜಾರಾಗಿದ್ದು ಇದೇ, ಅಷ್ಟು ಆಸೆಯಿಂದ ಹಿರಿಯರನ್ನ ಕರ್ಕೊಂಡು ಹೋಗಿದ್ದ ಪ್ರವಾಸದ ನೆನಪಿನ ಮೇಲೆ ಈ ಲಕೋಟೆಗಳು ಬಂದು ಕೂತವು.

ಹೋಟೆಲ್‌ಗೆ ಮೇಲ್ ಹಾಕಿದ್ವಿ. ಮೊದಲು ಉತ್ತರನೇ ಇಲ್ಲ, ಆಮೇಲೆ ನಮ್ಮ ದಾಖಲೆಯಲ್ಲಿ ನಿಮ್ಮ ನಂಬರ್ ಇಲ್ಲ ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡ್ರು. ಹಾಕ್ತೀವಿ ಅಂದಿದ್ದ ಹಳೇ ಮೇಲ್ ಇತ್ತು, ಆದ್ರೆ ಹಾಕಿದೀವಿ ಅನ್ನೋಕೆ ಪುರಾವೆ ನಮ್ಮ ಹತ್ರ ಇರಲಿಲ್ಲ, ಅಲ್ಲೇ ಎಲ್ಲ ನಿಂತಿದ್ದು. ಏಜೆಂಟಂತೂ ಫೋನ್ ತೆಗ್ಯೋದೇ ಬಿಟ್ರು. ಹಳೇ ಊರಿನ ಒಳಗೆ ಹೋಟೆಲ್, ಅದಕ್ಕೆ ಜೊತೆಯಾಗಿ ಕಾರ್, ಎರಡನ್ನೂ ಒಂದೇ ಪ್ಯಾಕೇಜಲ್ಲಿ ಹಾಕೋರಿಗೆ ಈ ವಿಷಯ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ. ಪ್ರಿಫೆತ್ತೊ ಅನ್ನೋ ಅಧಿಕಾರಿಗೆ 60 ದಿನದೊಳಗೆ ಅಪೀಲ್ ಹಾಕಬಹುದು, ಫೀಸ್ ಇಲ್ಲ, ಆದ್ರೆ ತಿರಸ್ಕಾರ ಆದ್ರೆ ದಂಡ ಡಬಲ್ ಆಗುತ್ತೆ. ನೋಟಿಸ್ ಕೈಗೆ ಬಂದು ಐದು ದಿನದೊಳಗೆ ಕಟ್ಟಿದ್ರೆ ಶೇಕಡಾ 30 ಕಮ್ಮಿ. ಪುರಾವೆ ಇಲ್ಲದೆ ಅಪೀಲಿಗೆ ಹೋಗೋ ಧೈರ್ಯ ನಮಗೆ ಬರಲಿಲ್ಲ, ಕಟ್ಟಿಬಿಟ್ವಿ.

ಫ್ಲಾರೆನ್ಸ್ ಒಂದೇ ಅಲ್ಲ. ಪೀಸಾ, ಲುಕ್ಕಾ, ಸಿಯೆನಾ ಎಲ್ಲಾ ಕಡೆ ಇದೇ ವ್ಯವಸ್ಥೆ, ಸಿಯೆನಾದವರು ಊರಿನ ಮಧ್ಯಭಾಗಕ್ಕೆ ಕಾರ್ ಬರೋದನ್ನ 1960ರ ದಶಕದಲ್ಲೇ ನಿಲ್ಸಿದಾರೆ. ಫ್ಲಾರೆನ್ಸಿಂದ ಸಿಯೆನಾಗೆ ಹೋಗೋ ರಸ್ತೆಗೆ ಟೋಲ್ ಇಲ್ಲ ಆದ್ರೆ ಸ್ಪೀಡ್ ಕ್ಯಾಮೆರಾ ಇದೆ, ಪೀಸಾ ಕಡೆ ಹೋಗೋದಕ್ಕೂ ಹಂಗೇ. ಟೋಲ್ ಇರೋ ಹೈವೇಲಿ ಹಳದಿ ಬಣ್ಣದ ಟೆಲಿಪಾಸ್ ಲೇನಿಗೆ ಹೋಗಬಾರದು, ಅದು ನಮ್ಮ ಫಾಸ್ಟ್ಯಾಗ್ ಥರ ಡಿವೈಸ್ ಇರೋರಿಗೆ ಮಾತ್ರ.

ಇಷ್ಟೆಲ್ಲ ಕಷ್ಟ ಪಟ್ಟಿದ್ದಕ್ಕೆ ಅಲ್ಲಿ ಕಾರ್ ಬೇಕಿತ್ತಾ ಅಂದ್ರೆ ಬೇಕಾಗೇ ಇರಲಿಲ್ಲ! ಅತ್ತೆ ಮಂಡಿ ನೋವಿಗೂ ಬೇಕಿರಲಿಲ್ಲ. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನಿಂದ ದ್ವೋಮೊಗೆ ನಡೆದ್ರೆ ಹತ್ತು ನಿಮಿಷ, ಅಲ್ಲಿಂದ ಉಫಿಜಿ ಮ್ಯೂಸಿಯಂ, ಹಳೇ ಸೇತುವೆ ಪೊಂತೆ ವೆಕ್ಕಿಯೊ ಎಲ್ಲಾ ಒಂದರ ಮಗ್ಗುಲಲ್ಲಿ ಒಂದು. ಏರ್‌ಪೋರ್ಟಿಂದ ಟಿ2 ಟ್ರಾಮ್ ನೇರ ಸ್ಟೇಷನ್ ಹತ್ರ ಬಿಡುತ್ತೆ. ನಡೆಯೋಕಾಗದೋರಿಗೆ ಬಿಳೀ ಟ್ಯಾಕ್ಸಿ ಇದೆ, ಅದಕ್ಕೆ ಒಳಗೆ ಹೋಗೋ ಪರ್ಮಿಷನ್ ಇರುತ್ತೆ, ಸ್ಟ್ಯಾಂಡಲ್ಲಿ ಹತ್ತಿ ಇಲ್ಲಾ ಹೋಟೆಲಿಂದ ಫೋನ್ ಮಾಡಿಸಿ. ನಾವು ಕಟ್ಟಿದ ದಂಡದ ದುಡ್ಡಲ್ಲಿ ಅತ್ತೆ ಮಾವನಿಗೆ ದಿನಾ ಟ್ಯಾಕ್ಸಿ ಮಾಡಿಸಿದ್ರೂ ಮಿಕ್ತಿತ್ತು.

ಪೀಸಾಗೆ ಟ್ರೈನಲ್ಲಿ ಒಂದು ಗಂಟೆ ಚಿಲ್ಲರೆ, ಲುಕ್ಕಾಗೆ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು. ರೀಜನಲ್ ಟ್ರೈನಿಗೆ ರೇಟ್ ಫಿಕ್ಸ್ ಇರುತ್ತೆ, ತಿಂಗಳ ಮುಂಚೆ ಬುಕ್ ಮಾಡ್ಬೇಕಾಗಿಲ್ಲ, ಏಜೆಂಟ್‌ಗೆ ಕಮಿಷನ್ ಕೊಟ್ಟು ತಗೊಳ್ಳೋದಂತೂ ವೇಸ್ಟ್. ಆದ್ರೆ ಒಂದು ವಿಷಯ ಮರೀಬೇಡಿ, ಪೇಪರ್ ಟಿಕೆಟ್ ತಗೊಂಡ್ರೆ ಟ್ರೈನ್ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಸಣ್ಣ ಮಷೀನಿಗೆ ತೂರಿಸಿ ಡೇಟ್ ಟೈಮ್ ಅಚ್ಚು ಹಾಕಿಸಬೇಕು. ಫೋನಲ್ಲಿ ತಗೊಂಡ್ರೆ ಹತ್ತೋ ಮುಂಚೆ ಚೆಕ್-ಇನ್ ಮಾಡಬೇಕು. ಇದನ್ನ ಮಾಡ್ದೆ ಹತ್ತಿದ್ರೆ ಟಿಕೆಟ್ ಕೈಯಲ್ಲಿದ್ರೂ ದಂಡ ಹಾಕ್ತಾರೆ. ಟಿಕೆಟ್ ಮಷೀನ್ ಹತ್ರ ಸಹಾಯ ಮಾಡ್ತೀನಿ ಅಂತ ಬರೋ ಅಪರಿಚಿತರಿಗೆ ಬೇಡ ಅನ್ನಿ, ಪರ್ಸ್ ಹೊರಗೆ ತೆಗೆದಿರೋ ಹೊತ್ತದು. ಇನ್ನು ಶೋಪೆರೊ, ಅಂದ್ರೆ ಸ್ಟ್ರೈಕ್. ಇಟಲೀಲಿ ಟ್ರೈನ್ ಸ್ಟ್ರೈಕ್ ಆಗಾಗ ಇರುತ್ತೆ, ಮುಂಚೆನೇ ಘೋಷಣೆ ಮಾಡ್ತಾರೆ, ಹೊರಡೋ ಹಿಂದಿನ ದಿನ ನೋಡ್ಕೊಳ್ಳಿ. ವಾರದ ದಿನವಾದ್ರೆ ಸ್ಟ್ರೈಕ್ ಇದ್ರೂ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯವಾದ ಲೋಕಲ್ ಟ್ರೈನ್ ಓಡಿಸ್ತಾರೆ, ಆ ಲೆಕ್ಕದಲ್ಲಿ ಹೋಗಿ ಬಂದ್ಬಿಡಬಹುದು.

ಸಿಯೆನಾಗೆ ಮಾತ್ರ ಟ್ರೈನಿಗಿಂತ ಬಸ್ಸೇ ಒಳ್ಳೇದು. ರೈಲ್ವೆ ಸ್ಟೇಷನ್ ಪಕ್ಕದ ಬಸ್ ಸ್ಟ್ಯಾಂಡಿಂದ 131 ನಂಬರ್ ಬಸ್, ಅದರಲ್ಲೂ ರಾಪಿದಾ ಅನ್ನೋದು, ಸುಮಾರು ಒಂದೂಕಾಲು ಗಂಟೇಲಿ ಹಳೇ ಊರಿನ ಅಂಚಿಗೇ ತಂದು ಬಿಡುತ್ತೆ. ಟ್ರೈನಲ್ಲಿ ಹೋದ್ರೆ ಸ್ಟೇಷನ್ ಗುಡ್ಡದ ಕೆಳಗೆ, ಊರು ಮೇಲೆ. ಊರೊಳಗೆ ಏರು ಇಳಿಜಾರು ಜಾಸ್ತಿ, ವಯಸ್ಸಾದೋರಿಗೆ ನಿಧಾನ ಬೇಕು. ಜುಲೈ 2, ಆಗಸ್ಟ್ 16 ಪಾಲಿಯೊ ಕುದುರೆ ರೇಸ್, ಆ ದಿನಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ, ಮಕ್ಕಳು ಹಿರಿಯರನ್ನ ಕರ್ಕೊಂಡು ಹೋಗಬೇಡಿ.

ಹಿರಿಯರಿದ್ರೆ ನನ್ನ ಓಟು ಲುಕ್ಕಾಗೆ. ಊರೆಲ್ಲ ಸಮತಟ್ಟು. ಸುತ್ತ ನಾಲ್ಕು ಕಿಲೋಮೀಟರಿನಷ್ಟು ಕೋಟೆ ಗೋಡೆ, ಗೋಡೆ ಅಂದ್ರೆ ಮೇಲೆ ಸಾಲುಮರ ಇರೋ ಅಗಲವಾದ ರಸ್ತೆ, ಸೈಕಲ್ ಬಾಡಿಗೆಗೆ ಸಿಗುತ್ತೆ, ಅಲ್ಲಲ್ಲಿ ಬೆಂಚಿದೆ. ಮಾವ ಪೂರ್ತಿ ಒಂದು ಸುತ್ತು ನಡೆದ್ರು, ಅತ್ತೆ ಮರದ ನೆರಳಲ್ಲಿ ಕೂತಿದ್ರು. ಇಡೀ ಟ್ರಿಪ್‌ನಲ್ಲಿ ಅವರಿಬ್ಬರೂ ಮನಸಾರೆ ಖುಷಿ ಪಟ್ಟಿದ್ದು ಅಲ್ಲೇ. ಲುಕ್ಕಾಯಿಂದ ಪೀಸಾಗೆ ಅರ್ಧ ಗಂಟೆ ಟ್ರೈನ್, ಪೀಸಾ ಸೆಂತ್ರಾಲೆ ತನಕ ಹೋಗ್ದೆ ಸಾನ್ ರೊಸ್ಸೋರೆ ಅನ್ನೋ ಸ್ಟೇಷನಲ್ಲಿ ಇಳ್ಕೊಂಡ್ರೆ ವಾಲಿದ ಗೋಪುರ ಹತ್ರ, ನಡಿಗೆ ಎಷ್ಟೋ ಉಳಿಯುತ್ತೆ. ಎರಡೂ ಊರು ಒಂದೇ ದಿನದಲ್ಲಿ ಆಗುತ್ತೆ.

ಪೀಸಾದಲ್ಲಿ ಇನ್ನೊಂದು ಬೇಜಾರು. ಏಜೆಂಟ್ ಪ್ಯಾಕೇಜಲ್ಲಿ ಮಗಳಿಗೂ ಸೇರಿಸಿ ಗೋಪುರ ಹತ್ತೋ ಟಿಕೆಟ್ ಅಂತ ದುಡ್ಡು ತಗೊಂಡಿದ್ರು, ಅಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನ ಒಳಗೆ ಬಿಡೋದೇ ಇಲ್ಲ, ಎತ್ಕೊಂಡು ಹೋಗ್ತೀನಿ ಅಂದ್ರೂ ಇಲ್ಲ. ವಯಸ್ಸು ಕೇಳಿ ಬರ್ಕೊಂಡೇ ಬುಕ್ ಮಾಡಿದ್ದು ಅವರು. ಮಗು ಬಾಗಿಲ ಹತ್ರ ಅಳ್ತಾ ನಿಂತಿತ್ತು. ಗೋಪುರಕ್ಕೆ ಟೈಮ್ ಸ್ಲಾಟ್ ಇರುತ್ತೆ, ಬ್ಯಾಗ್ ಕೆಳಗೇ ಬಿಡಬೇಕು, ಸಣ್ಣ ಮಕ್ಕಳಿದ್ರೆ ಆ ಟಿಕೆಟ್ ತಗೊಳ್ಳೋದೇ ಬೇಡ, ಹೊರಗಿನ ಹುಲ್ಲಿನ ಮೈದಾನದಲ್ಲಿ ಆಡಲಿ. ಸಸ್ಯಾಹಾರಿಗಳು ಪೀಸಾದಲ್ಲಿ ಚೆಚೀನಾ ಕೇಳಿ, ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ ಹಾಕಿ ಒಲೆಯಲ್ಲಿ ಬೇಯಿಸೋದು, ನಮ್ಮತ್ತೆ ಎರಡೆರಡು ಸಲ ಹಾಕಿಸ್ಕೊಂಡ್ರು.

ಫ್ಲಾರೆನ್ಸ್ ಒಳಗೆ ನೋಡೋದರ ಬಗ್ಗೆ ಹೇಳೋದು ಇಷ್ಟೇ. ಉಫಿಜಿ, ಮತ್ತೆ ಮೈಕೆಲೇಂಜಲೊನ ಡೇವಿಡ್ ಶಿಲ್ಪ ಇರೋ ಅಕಾಡೆಮಿಯಾ, ಎರಡೂ ಸೋಮವಾರ ರಜಾ, ಹಾಗಾಗಿ ಸೋಮವಾರ ಪೀಸಾ ಲುಕ್ಕಾ ಇಟ್ಕೊಳ್ಳಿ. ಟಿಕೆಟನ್ನ ಮ್ಯೂಸಿಯಂನವರ ಸ್ವಂತ ಸೈಟಲ್ಲೇ ತಗೊಳ್ಳಿ, ಗೂಗಲ್ ಮಾಡಿದ್ರೆ ಮೇಲೆ ಬರೋ ಜಾಹೀರಾತುಗಳು ಹೆಚ್ಚಿನವು ದಳ್ಳಾಳಿಗಳದ್ದು, ಅದೇ ಟಿಕೆಟ್ ಜಾಸ್ತಿ ರೇಟಿಗೆ ಮಾರ್ತಾರೆ. ದ್ವೋಮೊ ಚರ್ಚ್ ಒಳಗೆ ಫ್ರೀ, ಗುಮ್ಮಟ ಹತ್ತೋಕೆ ಮಾತ್ರ ಸ್ಲಾಟ್ ಬುಕ್ ಮಾಡಬೇಕು, 463 ಮೆಟ್ಟಿಲು, ಲಿಫ್ಟ್ ಇಲ್ಲ.

ಇಷ್ಟು ಓದಿದ ಮೇಲೂ ಕಾರ್ ಬೇಕೇ ಬೇಕು, ಹಳ್ಳಿ ಕಡೆ ದ್ರಾಕ್ಷಿ ತೋಟ ನೋಡಬೇಕು ಅನ್ನೋರು ಇರ್ತೀರಿ, ಅದು ತಪ್ಪಲ್ಲ, ಅಂಥ ಕಡೆ ಬಸ್ ಕಮ್ಮಿನೇ. ಹಾಗಿದ್ರೆ ಫ್ಲಾರೆನ್ಸ್ ನೋಡಿ ಮುಗಿಸಿ, ಹೋಟೆಲ್ ಖಾಲಿ ಮಾಡಿ, ಏರ್‌ಪೋರ್ಟ್ ಹತ್ರ ಕಾರ್ ತಗೊಂಡು ಆ ಕಡೆಯಿಂದಲೇ ಹೊರಡಿ. ಬೇರೆ ಊರಿಂದ ಕಾರಲ್ಲೇ ಬರೋರು ಎ1 ಹೈವೇಲಿರೋ ವಿಲ್ಲಾ ಕೊಸ್ತಾಂಜಾ ಪಾರ್ಕಿಂಗಲ್ಲಿ ಗಾಡಿ ಬಿಟ್ಟು ಅಲ್ಲೇ ಟಿ1 ಟ್ರಾಮ್ ಹತ್ತಿ, ಅದು ನೇರ ಸ್ಟೇಷನಿಗೆ ಬರುತ್ತೆ. ಹೋಟೆಲ್‌ನವರು ನಂಬರ್ ಹಾಕ್ತೀವಿ ಅಂದ್ರೆ ಬಾಯಿಮಾತಿಗೆ ಬಿಡಬೇಡಿ, ಯಾವ ನಂಬರ್, ಯಾವ ದಿನ, ಎಷ್ಟು ಗಂಟೆಗೆ ಹಾಕಿದ್ರು ಅಂತ ಅವತ್ತೇ ಮೇಲಲ್ಲಿ ಬರೆಸಿಕೊಂಡು ಇಟ್ಕೊಳ್ಳಿ. ಆಗ್ಲೇ ಹೋಗಿಬಂದು ಕಾರ್ಡಲ್ಲಿ ದುಡ್ಡು ಕಟ್ ಆಗಿರೋರು ಕಾರಿನ ಅಗ್ರಿಮೆಂಟ್, ಹೋಟೆಲ್ ಬಿಲ್, ಮೇಲ್‌ಗಳನ್ನ ಒಂದು ಕಡೆ ಎತ್ತಿಡಿ, ನೋಟಿಸ್ ಬಂದ ತಾರೀಖನ್ನ ಲಕೋಟೆ ಮೇಲೇ ಬರೆದಿಡಿ, ಐದು ದಿನದ ಲೆಕ್ಕ ಅಲ್ಲಿಂದ ಶುರು. ಎಸ್ಸೆಮ್ಮೆಸ್ಸಲ್ಲೋ ವಾಟ್ಸಾಪಲ್ಲೋ ದಂಡ ಕಟ್ಟಿ ಅಂತ ಬರೋ ಲಿಂಕ್ ಮುಟ್ಟಬೇಡಿ, ಪೋಸ್ಟಲ್ಲಿ ಬಂದ ಕಾಗದದ ಮೇಲಿನ ನೋಟಿಸ್ ನಂಬರ್, ಗಾಡಿ ನಂಬರ್ ಎರಡೂ ತಾಳೆ ನೋಡಿ ಆಮೇಲೆ ಕಟ್ಟಿ.