ಹಳೇ ಸೂಪರ್ 8 ಸೌಂಡ್ ಪ್ರೊಜೆಕ್ಟರ್: ಹಲವು ವರ್ಷ ಬಳಸಿದ ಮೇಲೆ, ದನಿಯ ಬಗ್ಗೆ ಒಂದಿಷ್ಟು

ಸೂಪರ್ 8 ಅಂದರೆ ಮನೆಯವರೇ ಸಿನಿಮಾ ತೆಗೆಯಲು ಬಳಸುತ್ತಿದ್ದ 8 ಮಿಲಿಮೀಟರ್ ಅಗಲದ ಫಿಲ್ಮು. ಮುಖ್ಯವಾದ ಮಾತು ಮೊದಲು ಹೇಳಿಬಿಡುತ್ತೇನೆ. ಹಳೇ ಸೌಂಡ್ ಪ್ರೊಜೆಕ್ಟರಿನಲ್ಲಿ ದನಿ ಕೆಟ್ಟರೆ ತಕ್ಷಣ ಆಂಪ್ಲಿಫೈಯರ್ ಬೋರ್ಡಿಗೆ ಕೈ ಹಾಕಬೇಡಿ. ಬಹಳಷ್ಟು ಸಲ ತೊಂದರೆ ಅಲ್ಲಿರುವುದೇ ಇಲ್ಲ. ಫಿಲ್ಮಿನಿಂದ ದನಿ ಓದುವ ಹೆಡ್ಡಿನ ಮೇಲೆ ಕೊಳೆ ಕೂತಿರುತ್ತದೆ, ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ, ಇಲ್ಲವೇ ಬೆಲ್ಟ್ ಸಡಿಲ ಆಗಿರುತ್ತದೆ. ಇಷ್ಟು ನೋಡದೇ ಎಷ್ಟೋ ಒಳ್ಳೆಯ ಮೆಷಿನ್ನುಗಳನ್ನು ಗುಜರಿಗೆ ಹಾಕುತ್ತಾರೆ. ನನಗೆ ಅದು ನಿಜಕ್ಕೂ ಸಂಕಟ.

ನಮ್ಮಲ್ಲಿರುವುದು 1970ರ ದಶಕದ ಜಪಾನ್ ಮೆಷಿನ್. ಸೆಕೆಂಡಿಗೆ 18 ಮತ್ತು 24 ಫ್ರೇಮ್ (ಒಂದೊಂದು ಚಿತ್ರ), ಎರಡೂ ವೇಗ ಇದೆ. 12 ವೋಲ್ಟ್, 100 ವಾಟ್ ಹ್ಯಾಲೋಜನ್ ಬಲ್ಬ್. ಪ್ಲೇ ಮಾಡಬಹುದು, ರೆಕಾರ್ಡೂ ಮಾಡಬಹುದು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇಲ್ಲಿ ಹೇಳುವ ತೊಂದರೆಗಳು ಈ ವಯಸ್ಸಿನ ಯಾವ ಮೆಷಿನ್ನಿಗೂ ಬರುವಂಥವು. ದೊಡ್ಡಪ್ಪ ಪಶ್ಚಿಮ ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡಿದ್ದು. ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ಸೌಂಡ್ ಕ್ಯಾಮೆರಾ ಹಿಡಿದು ಬಸವನಗುಡಿ ಸುತ್ತುತ್ತಿದ್ದರಂತೆ. ಕಡಲೆಕಾಯಿ ಪರಿಷೆಯ ಗಲಾಟೆ, ಗಾಂಧಿ ಬಜಾರಿನ ಹೂವಿನವರ ಕೂಗು, ಜಗಲಿ ಮೇಲೆ ಕೂತು ಮಾತಾಡುವ ನಮ್ಮ ಅಜ್ಜಿ, ಎಲ್ಲ ಆ ರೀಲುಗಳಲ್ಲಿವೆ. ಅಜ್ಜಿಯ ದನಿ ಇರುವುದು ಅಲ್ಲಿ ಮಾತ್ರ. ಬೇರೆ ಎಲ್ಲೂ ಇಲ್ಲ.

ಸ್ಕ್ಯಾನ್ ಮಾಡಿಸಿದರೆ ಆಯ್ತಲ್ವಾ ಅಂತ ಕೇಳುತ್ತಾರೆ. ಮಾಡಿಸಿದ್ದೇವೆ. ಅಂಗಡಿಯವರು ಚಿತ್ರ ಚೆನ್ನಾಗಿಯೇ ತೆಗೆದುಕೊಟ್ಟರು, ಆದರೆ ದನಿ ಇಲ್ಲ. ಚಿತ್ರವನ್ನು ಮಾತ್ರ ಹಿಡಿಯುವ ಸ್ಕ್ಯಾನರ್ ಆದರೆ ಹಾಗೇ ಆಗುವುದು. ಸೂಪರ್ 8ರಲ್ಲಿ ದನಿ ಇರುವುದು ಫಿಲ್ಮಿನ ಅಂಚಿಗೆ ಬಳಿದ ಕಂದು ಬಣ್ಣದ ಕಾಂತೀಯ ಪಟ್ಟಿಯಲ್ಲಿ. ಅದನ್ನು ಓದಲು ಟೇಪ್ ರೆಕಾರ್ಡರಿನಂಥ ಹೆಡ್ ಬೇಕು. ಕೊಡ್ಯಾಕ್ ಸೂಪರ್ 8 ತಂದದ್ದು 1965ರಲ್ಲಿ. ಕ್ಯಾಮೆರಾದಲ್ಲೇ ದನಿ ಹಿಡಿಯುವ ಫಿಲ್ಮ್ ಬಂದದ್ದು 1973ರಲ್ಲಿ. ನಿಮ್ಮ ಮನೆಯ ರೀಲಿನಲ್ಲಿ ದನಿ ಇದೆಯೋ ಇಲ್ಲವೋ ನೋಡಬೇಕಾದರೆ ಒಂದು ತುಂಡನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ತೂತುಗಳಿಲ್ಲದ ಕಡೆಯ ಅಂಚಿನಲ್ಲಿ ಕಂದು ಗೆರೆ ಕಾಣಬೇಕು. ತೂತುಗಳ ಪಕ್ಕದಲ್ಲೂ ಒಂದು ಸಣ್ಣ ಗೆರೆ ಇರಬಹುದು. ಅದು ರೀಲು ಸುತ್ತುವಾಗ ಎರಡೂ ಅಂಚು ಒಂದೇ ದಪ್ಪ ಇರಲಿ ಅಂತ ಹಾಕಿದ್ದು. ಸ್ಟೀರಿಯೋ ಮೆಷಿನ್ನುಗಳು ಅದನ್ನೂ ಎರಡನೇ ಟ್ರ್ಯಾಕಾಗಿ ಬಳಸುತ್ತವೆ. ಗೆರೆಯೇ ಇಲ್ಲದಿದ್ದರೆ ಮೆಷಿನ್ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ, ಅದು ಮೂಕಿ ಫಿಲ್ಮು.

ಇನ್ನು ತೊಂದರೆಗಳಿಗೆ ಬರುತ್ತೇನೆ.

ದನಿ ಮಂಕಾಗಿ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಕೇಳಿದರೆ ಹೆಡ್ ಕೊಳೆಯಾಗಿದೆ ಅಂತಲೇ ಮೊದಲು ಅಂದುಕೊಳ್ಳಿ. ಹಳೇ ಪಟ್ಟಿಯಿಂದ ಪುಡಿ ಉದುರಿ ಹೆಡ್ಡಿನ ಮುಖಕ್ಕೆ ಅಂಟುತ್ತದೆ. ಆ ಒಂದು ಪದರ ಸಾಕು, ಸ, ಶ, ಚ ಎಲ್ಲ ಮಾಯ. ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಇಯರ್ ಬಡ್‌ನಿಂದ ಒರೆಸಿ. ಮೊದಲ ಬಡ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಬಡ್ ಬೆಳ್ಳಗೆ ಬರುವ ತನಕ ಬಿಡಬೇಡಿ. ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಫಿಲ್ಮನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಇರುತ್ತದಲ್ಲ, ಅದನ್ನೂ ನೋಡಿ. ಅದು ಗಟ್ಟಿಯಾಗಿದ್ದರೆ ಅಥವಾ ಓರೆಯಾಗಿದ್ದರೆ ದನಿ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಎಲ್ಲ ಮಾಡಿದ ಮೇಲೂ ಮಂಕಾಗಿಯೇ ಇದ್ದರೆ ಹೆಡ್ಡೇ ಸವೆದಿರಬಹುದು. ಉಗುರು ಆಡಿಸಿದರೆ ಗುಳಿ ಕೈಗೆ ಸಿಗುತ್ತದೆ.

ಕರಕರ ಸದ್ದು, ಅಥವಾ ವಾಲ್ಯೂಮ್ ಗುಬ್ಬಿ (ನಾಬ್) ತಿರುಗಿಸಿದಾಗ ದನಿ ಬಂದು ಮತ್ತೆ ಹೋಗುವುದು, ಇದು ನಮ್ಮ ಮೆಷಿನ್ ಬಹಳ ಕಾಲ ಕಾಡಿಸಿದ ತೊಂದರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿ ಎಸ್.ಪಿ. ರೋಡ್ ಹತ್ತಿರ ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡೇ ವಯಸ್ಸಾದವರೊಬ್ಬರಿದ್ದಾರೆ. ಅವರು ಮುಚ್ಚಳ ತೆಗೆದವರೇ ಬೋರ್ಡ್ ಕಡೆ ನೋಡಲೇ ಇಲ್ಲ. “ಮೊದ್ಲು ಈ ಸ್ವಿಚ್ ನೋಡಿ ಸರ್, ಬೋರ್ಡ್ ಆಮೇಲೆ,” ಅಂದರು. ತೋರಿಸಿದ್ದು ರೆಕಾರ್ಡ್ ಮತ್ತು ಪ್ಲೇ ನಡುವೆ ಬದಲಾಯಿಸುವ ಉದ್ದನೆಯ ಸ್ಲೈಡ್ ಸ್ವಿಚ್ಚನ್ನು. ಹೆಡ್ಡಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಅದು ಈ ಸ್ವಿಚ್ ದಾಟಿಯೇ ಹೋಗಬೇಕು. ವರ್ಷಗಟ್ಟಲೆ ಒಂದೇ ಕಡೆ ಕೂತ ಕಾಂಟ್ಯಾಕ್ಟುಗಳು ನಮ್ಮ ಮಳೆಗಾಲದ ತೇವಕ್ಕೆ ಕಪ್ಪಾಗಿಬಿಡುತ್ತವೆ. ಅವರು ಕಾಂಟ್ಯಾಕ್ಟ್ ಕ್ಲೀನರನ್ನು ಒಂದು ಚೂರು ಸಿಂಪಡಿಸಿ, ಸ್ವಿಚ್ಚನ್ನು ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸುತ್ತಲೇ ಇದ್ದರು. ಆಮೇಲೆ ವಾಲ್ಯೂಮ್ ಗುಬ್ಬಿಗೂ ಅದೇ ಚಿಕಿತ್ಸೆ. ಸ್ವಲ್ಪ ಹೊತ್ತು ಆರಲು ಬಿಟ್ಟು ರೀಲು ಹಾಕಿದರೆ ಪರಿಷೆಯ ಪೀಪಿ ಸದ್ದು ಸ್ಪಷ್ಟವಾಗಿ ಕೇಳಿತು. ಒಂದು ಬಿಡಿಭಾಗವನ್ನೂ ಬದಲಾಯಿಸಲಿಲ್ಲ.

ಈ ಕೆಲಸ ಮಾಡುವಾಗ ಎರಡು ವಿಷಯ ಮರೆಯಬಾರದು. ಪ್ಲಗ್ ಕಿತ್ತಿರಬೇಕು, ಮೆಷಿನ್ನಿನಲ್ಲಿ ಫಿಲ್ಮ್ ಇರಬಾರದು. ರೆಕಾರ್ಡ್ ಸ್ಥಾನದಲ್ಲಿ ಫಿಲ್ಮ್ ಓಡಿದರೆ ಇದ್ದ ದನಿ ಅಳಿಸಿಹೋಗುತ್ತದೆ, ಮತ್ತೆ ಯಾವ ದುಡ್ಡು ಕೊಟ್ಟರೂ ಬರುವುದಿಲ್ಲ. ನಮ್ಮ ಮನೆಯಲ್ಲಿ ರೆಕಾರ್ಡ್ ಗುಂಡಿಯ ಮೇಲೆ ಗಟ್ಟಿಯಾಗಿ ಟೇಪ್ ಅಂಟಿಸಿದ್ದೇವೆ. ನೀವೂ ಇವತ್ತೇ ಅಂಟಿಸಿ.

ಗುಂಯ್ ಅನ್ನುವ ಸದ್ದಿಗೆ ಒಂದು ಸುಲಭದ ಪರೀಕ್ಷೆ ಇದೆ. ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಗುಂಯ್ ಹಾಗೇ ಇದ್ದರೆ ತೊಂದರೆ ವಾಲ್ಯೂಮ್ ಗುಬ್ಬಿಯಿಂದ ಆಚೆ, ಹೆಚ್ಚಾಗಿ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರುಗಳಲ್ಲಿ. ಇಷ್ಟು ವರ್ಷಕ್ಕೆ ಅವು ಒಣಗಿರುತ್ತವೆ. ಗುಬ್ಬಿಯ ಜೊತೆ ಗುಂಯ್ ಕೂಡ ಏರಿಳಿದರೆ ಹೆಡ್ ಕಡೆಯ ವೈರು, ಅದರ ಶೀಲ್ಡ್, ಅರ್ಥ್ ನೋಡಿ. ಕಿವಿ ಸೂಕ್ಷ್ಮ ಇದ್ದವರಿಗೆ ಇನ್ನೊಂದು ಗುರುತು ಸಿಗುತ್ತದೆ: ನಮ್ಮ ಕರೆಂಟ್ 50 ಹರ್ಟ್ಸ್, ಆದರೆ ಕೆಪಾಸಿಟರ್ ಸೋತಾಗ ಸಾಮಾನ್ಯವಾಗಿ ಬರುವುದು ಅದರ ಎರಡರಷ್ಟು, 100 ಹರ್ಟ್ಸ್. ಕೆಪಾಸಿಟರ್ ಎಸ್.ಪಿ. ರೋಡಿನಲ್ಲಿ ಧಾರಾಳವಾಗಿ ಸಿಗುತ್ತದೆ, ಬೆಲೆಯೂ ಏನಲ್ಲ. ಆದರೆ ಬೆಸುಗೆ ಹಾಕಿ ಅಭ್ಯಾಸ ಇಲ್ಲದವರು ಮಾಡಬೇಡಿ. ಒಳಗೆ 230 ವೋಲ್ಟ್ ಓಡಾಡುತ್ತಿರುತ್ತದೆ.

ದನಿ ಅಲೆಅಲೆಯಾಗಿ, ಹಾಡುವವರು ನಡುಗುತ್ತಿರುವ ಹಾಗೆ ಬಂದರೆ ಅದು ವೇಗದ ತೊಂದರೆ. ಇಲ್ಲಿ ಮೆಷಿನ್ನಿನ ಜಾಣತನ ನೋಡಬೇಕು. ಬಲ್ಬಿನ ಬೆಳಕು ಹಾಯುವ ಚಿತ್ರದ ಗೇಟಿನಲ್ಲಿ ಫಿಲ್ಮ್ ಪ್ರತಿ ಫ್ರೇಮಿಗೂ ನಿಂತು ನಿಂತು ಹೋಗುತ್ತದೆ. ಹೆಡ್ಡಿನ ಮುಂದೆ ಮಾತ್ರ ಒಂಚೂರೂ ನಿಲ್ಲದೆ ಸಮನಾಗಿ ಸಾಗಬೇಕು. ಅದಕ್ಕೇ ನಡುವೆ ಒಂದು ಸಡಿಲ ಲೂಪ್, ಆಮೇಲೆ ವೇಗವನ್ನು ಸಮನಾಗಿ ಇಡುವ ಭಾರದ ಚಕ್ರ, ಫ್ಲೈವೀಲ್. ಅದಕ್ಕೇ ದನಿಯನ್ನು ಚಿತ್ರಕ್ಕಿಂತ 18 ಫ್ರೇಮ್ ಮುಂದೆ ಇಟ್ಟಿದ್ದಾರೆ. 18ರ ವೇಗದಲ್ಲಿ ಅದು ಸರಿಯಾಗಿ ಒಂದು ಸೆಕೆಂಡು. ಲೂಪ್ ತಪ್ಪಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಬೆಲ್ಟ್ ಸಡಿಲವಾದರೆ, ರಬ್ಬರ್ ರೋಲರ್ ಹೊಳಪಾಗಿ ಜಾರಿದರೆ, ಫ್ಲೈವೀಲಿನ ಎಣ್ಣೆ ಅಂಟಾದರೆ ದನಿ ನಡುಗುತ್ತದೆ. ಬೆಲ್ಟಿಗೆ ಸುಮ್ನೆ ರಬ್ಬರ್ ಬ್ಯಾಂಡ್ ಹಾಕಬೇಡಿ. ಹಳೆಯದರ ಒಳಸುತ್ತು ಮತ್ತು ದಪ್ಪ ಅಳೆದುಕೊಂಡು ಅದೇ ಅಳತೆಯದನ್ನು ಹುಡುಕಿ.

ಅಮೆರಿಕದಿಂದ ಮೆಷಿನ್ ತರಿಸುವವರಿಗೆ ಒಂದು ಮಾತು. ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಕರೆಂಟಿನ ಹರ್ಟ್ಸ್ ನೋಡಿಕೊಂಡು ಓಡುವ ಮೋಟರ್ ಇದ್ದರೆ, ಅಲ್ಲಿನ 60ಕ್ಕೆ ಮಾಡಿದ್ದು ಇಲ್ಲಿನ 50ರಲ್ಲಿ ನಿಧಾನ ಆಗುತ್ತದೆ. 24 ಫ್ರೇಮ್ ಹೋಗಿ 20 ಆಗುತ್ತದೆ, ಹೆಣ್ಣು ದನಿ ಗಂಡು ದನಿಯ ಹಾಗೆ ಇಳಿದುಬಿಡುತ್ತದೆ. ಮೋಟರಿನ ಪುಲಿಗೆ (ಬೆಲ್ಟ್ ಸುತ್ತುವ ಚಕ್ರಕ್ಕೆ) 50 ಹರ್ಟ್ಸ್ ಸ್ಥಾನ ಇದೆಯೇ ಅಂತ ಕೊಳ್ಳುವ ಮುಂಚೆಯೇ ಕೇಳಿ.

ಇಷ್ಟೆಲ್ಲ ಕಷ್ಟಪಟ್ಟರೆ ದನಿ ಹೇಗಿರುತ್ತದೆ? ನನ್ನ ಮಟ್ಟಿಗೆ, ನಿರೀಕ್ಷೆಗಿಂತ ಬಹಳ ಚೆನ್ನಾಗಿ. ಕ್ಯಾಸೆಟ್ ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಸೂಪರ್ 8 ಫಿಲ್ಮ್ 18ರ ವೇಗದಲ್ಲೇ 7.6 ಸೆಂಟಿಮೀಟರ್ ಓಡುತ್ತದೆ, ಬೇಗ ಓಡಿದಷ್ಟೂ ದನಿ ಸ್ಪಷ್ಟ. ಒಳಗಿನ ಪುಟ್ಟ ಸ್ಪೀಕರಿನಲ್ಲಿ ಇದು ಗೊತ್ತಾಗುವುದಿಲ್ಲ. ಹಿಂದಿನ ಔಟ್‌ಪುಟ್ ಸಾಕೆಟಿನಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದು ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿದಾಗ ಅತ್ತೆ ಬೆಚ್ಚಿದರು. ಅಜ್ಜಿಯ ಮಾತಿನ ಹಿಂದೆ ಒಳಮನೆಯಲ್ಲಿ ಯಾರೋ ತೆಂಗಿನಕಾಯಿ ತುರಿಯುತ್ತಿದ್ದರು. “ಅದು ನಾನೇ ಕಣೋ,” ಅಂದರು. ಹೀಗೆ ತೆಗೆದ ದನಿಯನ್ನು ಸ್ಕ್ಯಾನ್ ಮಾಡಿಸಿದ ಚಿತ್ರಕ್ಕೆ ಕೂಡಿಸಿ ಈಗ ಮನೆಯವರಿಗೆಲ್ಲ ಕಳಿಸಿದ್ದೇವೆ.

ಕೊರತೆಗಳೂ ಇವೆ. ಬಲ್ಬ್ ಬಿಸಿ ಜಾಸ್ತಿ, ಫ್ಯಾನ್ ಸದ್ದು ಜಾಸ್ತಿ, ಚಿಕ್ಕ ಕೋಣೆಯಲ್ಲಿ ಮೆಲುದನಿಯ ಭಾಗಗಳು ಕೇಳುವುದಿಲ್ಲ. ಹೊಸ ಹೆಡ್ ಸಿಗುವುದು ಕಷ್ಟ, ಕೆಟ್ಟ ಇನ್ನೊಂದು ಮೆಷಿನ್ನಿನಿಂದಲೇ ತೆಗೆಯಬೇಕು. ಫಿಲ್ಮಿನ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ರೀಲಿಗೆ ಕಾಲ ಕಡಿಮೆ. ಕಾಂತೀಯ ಪಟ್ಟಿ ಇರುವ ಅಸಿಟೇಟ್ ಫಿಲ್ಮಿಗೆ ಈ ರೋಗ ಬೇಗ ಹಿಡಿಯುತ್ತದೆ. ಅಂಥವನ್ನು ಬೇರೆ ಇಟ್ಟು, ಅವುಗಳ ದನಿಯನ್ನೇ ಮೊದಲು ರೆಕಾರ್ಡ್ ಮಾಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಲ್ಬ್ ಉರಿಯಿತು, ಚಕ್ರ ತಿರುಗಿತು ಅಂತ ದುಡ್ಡು ಎಣಿಸಬೇಡಿ. ದನಿ ಇರುವ ಒಂದು ರೀಲನ್ನು ಜೊತೆಗೆ ಒಯ್ಯಿರಿ. ಆದರೆ ಮನೆಯ ಅಮೂಲ್ಯ ರೀಲು ಬೇಡ, ಹೋದರೂ ಪರವಾಗಿಲ್ಲ ಅನ್ನುವಂಥದ್ದು. ಹೆಡ್ ನೀವೇ ಒರೆಸಿ, ರೀಲು ಪೂರ್ತಿ ಓಡಿಸಿ ಕೇಳಿ, ಆಮೇಲೆ ಬೆಲೆ ಮಾತಾಡಿ.